ಹೊಸ ಕಾಂಪೌಂಡ್ ಬಿಲ್ಲು: ಮೊದಲು ಡ್ರಾ ಲೆಂತ್ ಸರಿ ಮಾಡಲೋ, ಲೆಟ್‌ಆಫೋ?

ಮೈಸೂರು_ಗುರಿ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಕ್ಲಬ್ಬಿನ ಬಿಲ್ಲು ಹಿಡಿದು ಕಲಿಯುತ್ತಿದ್ದೆ, ಈಗ ಸ್ವಂತ ಕಾಂಪೌಂಡ್ (ತುದಿಗಳಲ್ಲಿ ಚಕ್ರ ಇರುವ ಬಿಲ್ಲು) ಬಂದಿದೆ. 40-50 ಪೌಂಡ್ ಲಿಂಬು (ಬಾಗುವ ತೋಳು), ಮೇಲೂ ಕೆಳಗೂ ಕ್ಯಾಮ್ ಅನ್ನುವ ಚಕ್ರ, ಕ್ಯಾಮ್ ಮೇಲೆ ಉದ್ದ ಬದಲಿಸಲು ತಿರುಗಿಸುವ ಮಾಡ್ಯೂಲ್. ಡ್ರಾ ಲೆಂತ್ (ಸ್ಟ್ರಿಂಗ್ ಎಷ್ಟು ದೂರ ಎಳೆಯಬಹುದು ಅನ್ನುವುದು) 25ರಿಂದ 30 ಇಂಚು, ಅರ್ಧರ್ಧ ಇಂಚಿಗೆ ಒಂದೊಂದು ಗುರುತು. ಲೆಟ್‌ಆಫ್ (ಪೂರ್ತಿ ಎಳೆದಾಗ ಕಡಿಮೆಯಾಗುವ ಭಾರ) 70ರಿಂದ 80 ಪರ್ಸೆಂಟ್, ಎಳೆತ ತಡೆಯುವ ಸ್ಟಾಪ್ ಪೆಗ್ ಎಲ್ಲಿ ಕೂರಿಸುತ್ತೇವೆ ಅನ್ನುವುದರ ಮೇಲೆ.

ಅಂಗಡಿಯವರು ಎತ್ತರ ಕೇಳಿದರು. ಐದಡಿ ಏಳಿಂಚು ಅಂದೆ. 28.5ಕ್ಕೆ ಸೆಟ್ ಮಾಡಿ ಕೊಟ್ಟರು. ಕೈ ಅಳೆಯಲಿಲ್ಲ, ಎಳೆಸಿಯೂ ನೋಡಲಿಲ್ಲ. ಈಗ ಪೂರ್ತಿ ಎಳೆದರೆ ರಿಲೀಸ್ (ಸ್ಟ್ರಿಂಗ್ ಹಿಡಿದು ಬಿಡುವ ಸಾಧನ) ಹಿಡಿದ ಕೈ ಕಿವಿಯ ಹಿಂದಕ್ಕೆ ಹೋಗುತ್ತದೆ. ಸ್ಟ್ರಿಂಗಿನ ನಡುವೆ ಕೂರಿಸಿದ ನೋಡುವ ತೂತು, ಅಂದರೆ ಪೀಪ್‌ನಲ್ಲಿ ನೋಡಬೇಕಾದರೆ ತಲೆ ಹಿಂದಕ್ಕೆ ವಾಲಿಸಬೇಕು. ಬಿಟ್ಟಾಗ ಸ್ಟ್ರಿಂಗ್ ಎಡ ಮೊಣಕೈ ಒಳಭಾಗಕ್ಕೆ ಬಾರಿಸುತ್ತದೆ, ಅಲ್ಲಿ ನೀಲಿಗಟ್ಟಿದೆ.

ಕ್ಲಬ್ಬಿನ ಒಬ್ಬರು ಲೆಟ್‌ಆಫ್ 80ಕ್ಕೆ ಹಾಕಿಬಿಡು, ಆರಾಮಾಗಿ ಹಿಡಿಯಬಹುದು, ಎಲ್ಲ ಸರಿಹೋಗುತ್ತದೆ ಅನ್ನುತ್ತಾರೆ. ಇನ್ನೊಬ್ಬರು 70ಕ್ಕಿಂತ ಜಾಸ್ತಿ ಇಡಲೇಬೇಡ ಅನ್ನುತ್ತಾರೆ. ಯಾವುದನ್ನು ಮೊದಲು ಮುಟ್ಟಲಿ? ಮನೆಯಲ್ಲೇ ಆಗುತ್ತಾ, ಬಿಲ್ಲನ್ನು ಒತ್ತಿ ಹಿಡಿಯುವ ಬೋ ಪ್ರೆಸ್ ಬೇಕಾ?

ಹಳೇ_ಬಿಲ್ಲು

ಐದಡಿ ಏಳಿಂಚಿಗೆ 28.5! ಅಂಗಡಿಯವರು ತಮ್ಮ ಕೈ ಅಳೆದು ಕೊಟ್ಟಿರಬೇಕು.

ಮೊದಲು ಡ್ರಾ ಲೆಂತ್. ಅದು ಸರಿಯಾಗುವವರೆಗೆ ಲೆಟ್‌ಆಫ್ ಸುದ್ದಿಗೇ ಹೋಗಬೇಡಿ. ಕೈ ಕಿವಿ ದಾಟುವುದು, ತಲೆ ವಾಲುವುದು, ಮೊಣಕೈಗೆ ಏಟು ಬೀಳುವುದು, ಮೂರೂ ಉದ್ದ ಜಾಸ್ತಿಯಾದ ಲಕ್ಷಣ. ಬಿಲ್ಲು ಉದ್ದವಾದರೆ ಅದನ್ನು ತುಂಬಲು ಎಡಗೈಯನ್ನು ಪೂರ್ತಿ ಲಾಕ್ ಮಾಡುತ್ತೀರಿ, ಆಗ ಮೊಣಕೈ ಸ್ಟ್ರಿಂಗ್ ದಾರಿಗೇ ಬಂದು ನಿಲ್ಲುತ್ತದೆ.

ಗೋಡೆಗೆ ಬೆನ್ನು ಕೊಟ್ಟು ನಿಂತು ಎರಡೂ ಕೈ ಅಗಲಿಸಿ. ಸುಮ್ನೆ ಅಗಲಿಸಿ, ಎಳೆದು ಹಿಗ್ಗಿಸಬೇಡಿ. ನಡುಬೆರಳ ತುದಿಯಿಂದ ತುದಿಗೆ ಎಷ್ಟು ಇಂಚು ಅಂತ ಬೇರೆಯವರಿಂದ ಅಳೆಸಿ. 2.5ರಿಂದ ಭಾಗಿಸಿ. ಬಂದಿದ್ದನ್ನು ಇಲ್ಲಿ ಹಾಕಿ.

ಮೈಸೂರು_ಗುರಿ

ಹೆಂಡತಿ ಕೈಲಿ ಟೇಪು ಹಿಡಿಸಿದೆ. 67.5 ಇಂಚು. ಭಾಗಿಸಿದರೆ 27. ಅಂದರೆ ಒಂದೂವರೆ ಇಂಚು ಜಾಸ್ತಿ ಇದೆಯಾ?

ಹಳೇ_ಬಿಲ್ಲು

ಇದೆ. ನೀಲಿಗಟ್ಟದೆ ಇನ್ನೇನಾಗುತ್ತದೆ.

ಕ್ಯಾಮ್_ಕಿರಿಕ್

ತಡೀರಿ, 2.5ರ ಲೆಕ್ಕ ಬರೀ ಅಂದಾಜು. ಭುಜ ಅಗಲ ಇರುವವರಿಗೆ, ಕತ್ತು ಉದ್ದ ಇರುವವರಿಗೆ ಅರ್ಧ ಇಂಚು ಆಚೀಚೆ ಆಗುತ್ತದೆ. ಬಾಣ ಎಳೆದು ಅಳೆಯುವುದೇ ಸರಿ.

ಕ್ಲಬ್ಬಿನಲ್ಲಿ 20-25 ಪೌಂಡಿನ ಹಗುರ ರಿಕರ್ವ್ (ಚಕ್ರ ಇಲ್ಲದ ಬಿಲ್ಲು) ಇರುತ್ತದಲ್ಲ, ಅದಕ್ಕೊಂದು ಉದ್ದನೆಯ ಬಾಣ ಹಾಕಿ. ಕಾಂಪೌಂಡ್‌ನಲ್ಲಿ ಎಲ್ಲಿ ಆಂಕರ್ ಮಾಡುತ್ತೀರೋ (ಎಳೆದ ಕೈ ಮುಖಕ್ಕೆ ತಾಗಿಸಿ ನಿಲ್ಲಿಸುತ್ತೀರೋ) ಅಲ್ಲಿಗೇ ಎಳೆದು ನಿಲ್ಲಿ. ಕನ್ನಡಿ ನೋಡಬೇಡಿ, ಕಣ್ಣು ಮುಚ್ಚಿಕೊಂಡೇ ಎಳೆಯಿರಿ, ಗುರಿ ನೋಡುತ್ತಾ ಎಳೆದರೆ ಇನ್ನೊಂಚೂರು ಹಿಗ್ಗಿಸುವ ಆಸೆ ಬರುತ್ತದೆ. ಪಕ್ಕದಲ್ಲಿರುವವರು ಗ್ರಿಪ್ಪಿನ ಅತಿ ಒಳಗಿನ ತಗ್ಗಿಗೆ ನೇರವಾಗಿ ಬಾಣದ ಮೇಲೆ ಮಾರ್ಕರ್‌ನಲ್ಲಿ ಗೆರೆ ಹಾಕಲಿ. ಬಾಣದ ಹಿಂದಿನ ತುದಿಯ ನಾಕ್‌ನ ತಗ್ಗಿನಿಂದ ಆ ಗೆರೆಗೆ ಎಷ್ಟಿದೆಯೋ ಅದಕ್ಕೆ 1.75 ಇಂಚು ಸೇರಿಸಿ. 25.25 ಬಂದರೆ ನಿಮ್ಮದು 27.

ಕಂಪನಿಗಳು ಬಿಲ್ಲಿನ ಮೇಲೆ ಬರೆಯುವುದೂ ಈ 1.75 ಸೇರಿಸಿಯೇ. ಇದು ಗೊತ್ತಿಲ್ಲದೆ ಬರೀ ಗ್ರಿಪ್ಪಿನವರೆಗೆ ಅಳೆದು "ಕಂಪನಿ ಸುಳ್ಳು ಬರೆದಿದೆ" ಅಂತ ಜಗಳ ಮಾಡುವವರು ಬೇಕಾದಷ್ಟು ಜನ ಇದ್ದಾರೆ.

ರಿಕರ್ವ್_ರಾಜ

ಡಿ-ಲೂಪ್ ಮರೆತಿರಿ, ರಿಲೀಸ್ ಸಿಕ್ಕಿಸಲು ಸ್ಟ್ರಿಂಗಿಗೆ ಕಟ್ಟುವ ಕುಣಿಕೆ. ಅದು ಅರ್ಧ ಇಂಚು ಇರುತ್ತದೆ, ಅದನ್ನೂ ಸೇರಿಸಬೇಕು. ಅವರದು 27.5.

ಹಳೇ_ಬಿಲ್ಲು

ಉಲ್ಟಾ ಹೇಳುತ್ತಿದ್ದೀರಿ ರಾಜ. ಡ್ರಾ ಲೆಂತ್ ಅಳೆಯುವುದು ನಾಕ್‌ವರೆಗೆ ಮಾತ್ರ, ಡಿ-ಲೂಪ್ ಲೆಕ್ಕಕ್ಕಿಲ್ಲ. ಆದರೆ ಲೂಪ್ ಇದ್ದಷ್ಟೂ ರಿಲೀಸ್ ಹಿಡಿದ ಕೈ ಹಿಂದೆ ಹೋಗುತ್ತದೆ. ಹಾಗಾಗಿ ಲೂಪ್ ಹಾಕಿದವರಿಗೆ ಬಿಲ್ಲು ಒಂದು ಗುರುತು ಕಡಿಮೆಯೇ ಬೇಕಾಗಬಹುದು. 27.5 ಅಲ್ಲ, ಬೇಕಾದರೆ 26.5.

ರಿಕರ್ವ್_ರಾಜ

ಸರಿ ಒಪ್ಪಿದೆ. ಇದಕ್ಕೇ ನಾನು ಚಕ್ರದ ಬಿಲ್ಲು ಮುಟ್ಟುವುದಿಲ್ಲ. ನಮ್ಮಲ್ಲಿ ಕ್ಲಿಕ್ಕರ್ ಒಂದೇ, ಕಿಟಕ್ ಅಂದರೆ ಬಿಡು.

ಡಲ್ಲಾಸ್_ಕನ್ನಡಿಗ

ರಿಲೀಸ್ ಯಾವುದು ಅಂತ ಯಾರೂ ಕೇಳಲಿಲ್ಲವಲ್ಲ. ಮಣಿಕಟ್ಟಿಗೆ ಪಟ್ಟಿ ಕಟ್ಟಿ ತೋರುಬೆರಳಲ್ಲಿ ಒತ್ತುವುದಾ, ಅಥವಾ ಕೈಯಲ್ಲಿ ಹಿಡಿಯುವ ಹೆಬ್ಬೆರಳಿನದ್ದಾ? ಪಟ್ಟಿಯದ್ದಾದರೆ ಅದರ ಪಟ್ಟಿಯೇ ಉದ್ದ ಇರಬಹುದು. ಪಟ್ಟಿ ಒಂದು ತೂತು ಗಿಡ್ಡ ಮಾಡಿದರೆ ಕೈ ಮುಂದೆ ಬರುತ್ತದೆ. ಬಿಲ್ಲನ್ನು ಬೈಯುವ ಮುಂಚೆ ಅದನ್ನು ನೋಡಿ.

ಮೈಸೂರು_ಗುರಿ

ಪಟ್ಟಿಯದ್ದೇ ಸರ್. ಗಿಡ್ಡ ಮಾಡಿ ನೋಡಿದೆ, ಕೈ ದವಡೆ ಹತ್ತಿರ ಬಂತು. ಆದರೆ ಸ್ಟ್ರಿಂಗ್ ಮಾತ್ರ ಅಲ್ಲೇ, ಬಾಯಿಯ ಮೂಲೆ ದಾಟಿ ಕೆನ್ನೆಯ ಮೇಲೆ ಕೂರುತ್ತದೆ. ಮೊಣಕೈ ಏಟೂ ತಪ್ಪಲಿಲ್ಲ.

ಡಲ್ಲಾಸ್_ಕನ್ನಡಿಗ

ಹಾಗಾದರೆ ಬಿಲ್ಲೇ ಉದ್ದ. ಮೂಗಿನ ತುದಿ ಸ್ಟ್ರಿಂಗಿಗೆ ತಾಗಬೇಕು, ಬಾಯಿಯ ಮೂಲೆ ಹತ್ತಿರ ಸ್ಟ್ರಿಂಗ್ ಇರಬೇಕು, ಕತ್ತು ನೆಟ್ಟಗಿರಬೇಕು. ಮುಖ ಇದ್ದಲ್ಲಿಗೆ ಸ್ಟ್ರಿಂಗ್ ಬರಬೇಕೇ ಹೊರತು ಸ್ಟ್ರಿಂಗ್ ಇದ್ದಲ್ಲಿಗೆ ಮುಖ ಹೋಗಬಾರದು.

ಸುಮ್ನೆ_ಓದುವವ

ಗೊತ್ತಿಲ್ಲದವನ ಪ್ರಶ್ನೆ. ಲೆಟ್‌ಆಫ್ ಹೇಗೆ ಬರುತ್ತದೆ?

ಕ್ಯಾಮ್_ಕಿರಿಕ್

ಸಾಮಾನ್ಯ ಬಿಲ್ಲು ಎಳೆದಷ್ಟೂ ಭಾರ. ಕಾಂಪೌಂಡ್‌ನಲ್ಲಿ ಕ್ಯಾಮ್ ದುಂಡಗಿರುವುದಿಲ್ಲ, ಕೇಬಲ್ ಸುತ್ತುವ ಜಾಗ ಒಂದು ಹಂತದಲ್ಲಿ ಕಿರಿದಾಗುತ್ತದೆ. ಹಾಗಾಗಿ ನಡುವೆ ಪೂರ್ತಿ ಭಾರ ಬಂದು ಕೊನೆಯಲ್ಲಿ ದಿಢೀರನೆ ಇಳಿಯುತ್ತದೆ. 50 ಪೌಂಡ್ ಬಿಲ್ಲಿಗೆ 80 ಪರ್ಸೆಂಟ್ ಲೆಟ್‌ಆಫ್ ಇದ್ದರೆ ಕೊನೆಯಲ್ಲಿ ಕೈಯಲ್ಲಿ ಉಳಿಯುವುದು 10 ಪೌಂಡ್. 70 ಆದರೆ 15. 65 ಆದರೆ 17.5. ಆ ಇಳಿದ ಜಾಗಕ್ಕೆ ವ್ಯಾಲಿ ಅನ್ನುತ್ತಾರೆ, ಅದರಾಚೆ ಎಳೆಯಲಾಗದೆ ನಿಲ್ಲುವ ಜಾಗ ವಾಲ್.

ಇದನ್ನು ಕಂಡುಹಿಡಿದವರು ಅಮೆರಿಕದ ಮಿಸ್ಸೌರಿಯ ಹಾಲೆಸ್ ವಿಲ್ಬರ್ ಅಲೆನ್. 1966ರಲ್ಲಿ ಪೇಟೆಂಟಿಗೆ ಅರ್ಜಿ, 1969ರಲ್ಲಿ ಸಿಕ್ಕಿತು.

ರಿಕರ್ವ್_ರಾಜ

ಅರ್ಜುನನಿಗೆ ಲೆಟ್‌ಆಫ್ ಇತ್ತಾ?

ಡಲ್ಲಾಸ್_ಕನ್ನಡಿಗ

ಇರಲಿಲ್ಲ, ಅದಕ್ಕೇ ಯುದ್ಧದ ಮೊದಲ ದಿನವೇ ಬಿಲ್ಲು ಕೆಳಗಿಟ್ಟು ಕೂತ.

ರಾಯಚೂರು_ಬಿಸಿಲು

😂😂

ಕ್ಯಾಮ್_ಕಿರಿಕ್

ವಿಷಯಕ್ಕೆ ಬರೋಣ. ಗುರಿ ಅವರೇ, ತಿರುಗಿಸುವ ಮಾಡ್ಯೂಲ್‌ಗೆ ಸಾಮಾನ್ಯವಾಗಿ ಪ್ರೆಸ್ ಬೇಡ. ಬಿಲ್ಲಿನ ಜೊತೆ ಬಂದ ಪುಸ್ತಕದಲ್ಲಿ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಮಾಡ್ಯೂಲ್ ಹಿಡಿದಿರುವ ಸ್ಕ್ರೂ ಬಿಚ್ಚಿ, 27ರ ಗುರುತಿಗೆ ತಿರುಗಿಸಿ, ಮತ್ತೆ ಬಿಗಿಮಾಡಿ. ಮೇಲೆ ಯಾವ ಗುರುತೋ ಕೆಳಗೂ ಅದೇ ಗುರುತು.

ಒಂದು ಮಾತು. ನಮ್ಮ ಹಾರ್ಡ್‌ವೇರ್ ಅಂಗಡಿಯ ಮಿಲಿಮೀಟರ್ ಅಲೆನ್ ಕೀ ಹಾಕಬೇಡಿ. ಅಮೆರಿಕನ್ ಬಿಲ್ಲುಗಳ ಸ್ಕ್ರೂ ಇಂಚಿನ ಲೆಕ್ಕದ್ದು. 3/32 ಅಂದರೆ 2.38 ಮಿಮೀ. 2.5ರ ಕೀ ಒಳಗೆ ಹೋಗುವುದಿಲ್ಲ. 2ರದು ಹೋಗುತ್ತದೆ, ಸಡಿಲವಾಗಿ ತಿರುಗಿ ಸ್ಕ್ರೂ ತಲೆಯ ಮೂಲೆಗಳನ್ನೆಲ್ಲ ಸವೆಸಿ ಬಟ್ಟಲು ಮಾಡುತ್ತದೆ. ಆಮೇಲೆ ಆ ಸ್ಕ್ರೂ ಹೊರಗೆ ಬರುವುದೇ ಇಲ್ಲ. ಇಂಚಿನ ಸೆಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಅದು ಬರುವವರೆಗೆ ಕಾಯಿರಿ.

ಹಳೇ_ಬಿಲ್ಲು

ಮಾಡ್ಯೂಲ್ ಹೇಳಿ ಸ್ಟಾಪ್ ಪೆಗ್ ಬಿಟ್ಟಿರಿ ಕಿರಿಕ್. ಅರ್ಧ ಜನ ಎಡವುವುದೇ ಅಲ್ಲಿ. ಮಾಡ್ಯೂಲ್ 27ಕ್ಕೆ ತಂದು ಪೆಗ್ಗನ್ನು 28.5ರಲ್ಲೇ ಬಿಟ್ಟರೆ ಪೆಗ್ ಸರಿಯಾದ ಜಾಗದಲ್ಲಿ ತಾಗುವುದೇ ಇಲ್ಲ, ವಾಲ್ ಮೆತ್ತಗಾಗುತ್ತದೆ, ಪ್ರತಿ ಸಲ ಬೇರೆ ಬೇರೆ ಕಡೆ ನಿಲ್ಲುತ್ತೀರಿ. ಪೆಗ್ ಬೇಕಾದದ್ದಕ್ಕಿಂತ ಗಿಡ್ಡಕ್ಕಿದ್ದರೆ ವ್ಯಾಲಿ ತಲುಪುವ ಮುಂಚೆಯೇ ತಡೆಯುತ್ತದೆ, ಲೆಟ್‌ಆಫ್ ಪೂರ್ತಿ ಸಿಗುವುದಿಲ್ಲ.

ಕ್ಯಾಮ್_ಕಿರಿಕ್

ಬರೆಯುತ್ತಿದ್ದೆ ಮಾರಾಯ್ರೆ, ಅಷ್ಟರಲ್ಲಿ ನೀವೇ ಹಾಕಿದಿರಿ.

ಮೈಸೂರು_ಗುರಿ

ಹಾಗಾದರೆ ಪೆಗ್ ಕದಲಿಸಿದರೆ ಡ್ರಾ ಲೆಂತ್ ಕೂಡ ಬದಲಾಗುತ್ತದೆ ಅಂತಾಯಿತಲ್ಲ? ಎರಡೂ ಬೇರೆ ಬೇರೆ ಅಂದುಕೊಂಡಿದ್ದೆ.

ಹಳೇ_ಬಿಲ್ಲು

ಇದೇ ಪ್ರಶ್ನೆಗೆ ಕಾಯುತ್ತಿದ್ದೆ. ಪೆಗ್ಗಿನ ಬಿಲ್ಲಿನಲ್ಲಿ ಲೆಟ್‌ಆಫ್ ಅಂದರೆ ವ್ಯಾಲಿಯೊಳಗೆ ಎಷ್ಟು ದೂರ ಇಳಿದು ನಿಲ್ಲುತ್ತೀರಿ ಅನ್ನುವುದಷ್ಟೇ. ಬೇಗ ನಿಂತರೆ ಭಾರ ಜಾಸ್ತಿ ಉಳಿಯುತ್ತದೆ, ಉದ್ದ ಒಂಚೂರು ಕಡಿಮೆಯಾಗುತ್ತದೆ. ತಡವಾಗಿ ನಿಂತರೆ ಭಾರ ಕಡಿಮೆ, ಉದ್ದ ಜಾಸ್ತಿ. ನಿಮ್ಮ ಕ್ಲಬ್ಬಿನವರು ಹೇಳಿದಂತೆ ಲೆಟ್‌ಆಫ್ ಏರಿಸಿದ್ದರೆ ಮೊದಲೇ ಉದ್ದ ಇದ್ದ ಬಿಲ್ಲು ಇನ್ನೂ ಒಂಚೂರು ಉದ್ದವಾಗುತ್ತಿತ್ತು. ಹಿಡಿಯಲು ಆರಾಮ, ಮೊಣಕೈಗೆ ಇನ್ನೆರಡು ಏಟು.

ಅದಕ್ಕೇ ಈ ಕ್ರಮ: ಮಾಡ್ಯೂಲಿನಿಂದ ಡ್ರಾ ಲೆಂತ್ ಹತ್ತಿರಕ್ಕೆ ತನ್ನಿ. ಪೆಗ್ಗನ್ನು ಅದೇ ಗುರುತಿಗೆ ಇಡಿ. ಒಂದು ವಾರ ಹೊಡೆಯಿರಿ. ಆಮೇಲೆ ಪೆಗ್ ಒಂದೊಂದೇ ಕೂದಲೆಳೆ ಕದಲಿಸಿ ಲೆಟ್‌ಆಫ್ ನೋಡಿ. ಎರಡನ್ನೂ ಒಂದೇ ದಿನ ಮುಟ್ಟಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಡಲ್ಲಾಸ್_ಕನ್ನಡಿಗ

ಇದು ಪೆಗ್ಗಿನ ಬಿಲ್ಲಿನ ಮಾತು. ಕೆಲವು ಕಂಪನಿಗಳು ಲೆಟ್‌ಆಫಿಗೇ ಬೇರೆ ಮಾಡ್ಯೂಲ್ ಕೊಡುತ್ತವೆ. ಮ್ಯಾಥ್ಯೂಸ್‌ನಲ್ಲಿ 80ರದೊಂದು, 85ರದೊಂದು, ಪ್ರತಿ ಅರ್ಧ ಇಂಚಿಗೂ ಬೇರೆ ಜೋಡಿ. ಅಲ್ಲಿ ಉದ್ದ ಹಾಗೇ ಇಟ್ಟು ಲೆಟ್‌ಆಫ್ ಮಾತ್ರ ಬದಲಿಸಬಹುದು.

ರಾಯಚೂರು_ಬಿಸಿಲು

ಬದಲಿಸಬಹುದು ಸರ್, ನಿಮ್ಮ ಊರಲ್ಲಿ. ಇಲ್ಲಿ ಒಂದು ಜೋಡಿ ಮಾಡ್ಯೂಲ್ ತರಿಸಿದರೆ ಸುಂಕ, ಕೊರಿಯರ್ ಎಲ್ಲ ಸೇರಿ ಬಾಣದ ಸೆಟ್ಟಿನ ದುಡ್ಡಾಗುತ್ತದೆ. ನನ್ನ ಗೆಳೆಯನಿಗೆ ಬಂದದ್ದು ಎರಡೂ ಮೇಲಿನ ಕ್ಯಾಮಿನ ಮಾಡ್ಯೂಲ್. ವಾಪಸ್ ಕಳಿಸಿ ಕೂತಿದ್ದಾನೆ. ತಿರುಗಿಸುವ ಮಾಡ್ಯೂಲ್ ತಗೊಂಡ ಗುರಿ ಅವರೇ ಜಾಣರು.

ಮೇಲ್ವಿಚಾರಕ

ಚರ್ಚೆ ಉದ್ದವಾಗುವ ಮುಂಚೆ ಒಂದು ಎಚ್ಚರಿಕೆ, ಹೊಸಬರೂ ಓದುತ್ತಿದ್ದಾರೆ. ಸೆಟ್ ಮಾಡಿದ್ದು ಸರಿಯಿದೆಯಾ ನೋಡಲು ಬಾಣ ಇಲ್ಲದೆ ಬಿಲ್ಲು ಎಳೆಯಬೇಡಿ. ರಿಲೀಸ್ ತಪ್ಪಿ ಬಿಟ್ಟರೆ ಡ್ರೈ ಫೈರ್. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಲಿಂಬಿಗೆ, ಕ್ಯಾಮಿಗೆ, ಸ್ಟ್ರಿಂಗಿಗೆ ಹೋಗುತ್ತದೆ. ನಮ್ಮ ಮೈದಾನದಲ್ಲಿ ನೋಡಲು ಬಂದವರೊಬ್ಬರು ಬೇರೆಯವರ ಬಿಲ್ಲನ್ನು ಹಾಗೇ ಎತ್ತಿ ಎಳೆದು ಬಿಟ್ಟಿದ್ದರು. ಸ್ಟ್ರಿಂಗ್ ಕ್ಯಾಮಿನಿಂದ ಹಾರಿತ್ತು, ಕ್ಯಾಮಿನ ಅಂಚು ಬಗ್ಗಿತ್ತು, ಕೆಳಗಿನ ಲಿಂಬಿನ ಅಂಚಿನಲ್ಲಿ ನಾರು ಎದ್ದಿತ್ತು. ಹತ್ತಿಯ ಉಂಡೆ ಸವರಿದರೆ ಎಳೆ ಸಿಕ್ಕಿಕೊಳ್ಳುತ್ತಿತ್ತು. ಆ ಲಿಂಬು ಮತ್ತೆ ಎಳೆಯುವಂತಿರಲಿಲ್ಲ.

ಏನೇ ಬದಲಿಸಿದರೂ ಮೊದಲ ಸಲ ಬಾಣ ಹಾಕಿ, ಗುರಿಯ ಕಾಗದ ಅಂಟಿಸುವ ಬಟ್ಟಿನ ಎದುರು ಹತ್ತಿರ ನಿಂತು ಎಳೆಯಿರಿ.

ರಿಕರ್ವ್_ರಾಜ

ಶಿವಧನುಸ್ಸು ಮುರಿದದ್ದೂ ಇದೇ ಕೇಸು. ಸ್ವಯಂವರದಲ್ಲಿ ಬಾಣ ಇರಲಿಲ್ಲ, ನೆನಪಿರಲಿ.

ಹಳೇ_ಬಿಲ್ಲು

ರಾಮ ಬಿಡಲೇ ಇಲ್ಲ, ಎಳೆಯುವಾಗಲೇ ಮುರಿಯಿತು. ಅದು ಡ್ರೈ ಫೈರ್ ಅಲ್ಲ, ಡ್ರಾ ಲೆಂತ್ ಸಮಸ್ಯೆ. ಆಜಾನುಬಾಹು ಅಂತಾರಲ್ಲ, ಕೈಯಗಲ ಅಳೆದು 2.5ರಿಂದ ಭಾಗಿಸಬೇಕಿತ್ತು ಜನಕ ಮಹಾರಾಜರು.

ಮೇಲ್ವಿಚಾರಕ

ಇಬ್ಬರಿಗೂ ನಮಸ್ಕಾರ. ಮುಂದುವರಿಸಿ, ವಿಷಯದೊಳಗೆ.

ಬಿಲ್ಲುಗಾತಿಯ_ಅಮ್ಮ

ನಾನು ಬಿಲ್ಲು ಹಿಡಿಯುವವಳಲ್ಲ, ಮಗಳನ್ನು ಮೈದಾನಕ್ಕೆ ಬಿಟ್ಟು ಬಿಸಿಲಲ್ಲಿ ಕೂರುವವಳು. ಅವಳಿಗೆ ಹನ್ನೆರಡು. ಕಳೆದ ಬೇಸಿಗೆಯಿಂದ ನನ್ನ ಭುಜ ದಾಟಿ ಬೆಳೆದಿದ್ದಾಳೆ. ಈಗ ಕಾಂಪೌಂಡ್ ಕೊಡಿಸಿದರೆ ಪ್ರತಿ ವರ್ಷ ಡ್ರಾ ಲೆಂತ್ ಬದಲಿಸುತ್ತಾ ಇರಬೇಕಾ? ಕೋಚ್ ಜೆನೆಸಿಸ್ ಅನ್ನುವ ಬಿಲ್ಲು ಹೇಳಿದರು. ಅದರ ಲೆಟ್‌ಆಫ್ ಎಷ್ಟು ಅಂತ ಎಲ್ಲೂ ಬರೆದಿಲ್ಲ.

ಡಲ್ಲಾಸ್_ಕನ್ನಡಿಗ

ಬರೆದಿಲ್ಲ ಯಾಕೆಂದರೆ ಅದಕ್ಕೆ ಲೆಟ್‌ಆಫೇ ಇಲ್ಲ ಮೇಡಂ. ಅದು ಕಾಂಪೌಂಡೇ, ಆದರೆ ವಾಲ್ ಇಲ್ಲ, ವ್ಯಾಲಿ ಇಲ್ಲ. ಹಾಗಾಗಿ ಡ್ರಾ ಲೆಂತ್ ಸೆಟ್ ಮಾಡುವ ಕೆಲಸವೂ ಇಲ್ಲ. 15 ಇಂಚಿನವರೂ 30 ಇಂಚಿನವರೂ ಅದೇ ಬಿಲ್ಲು ಎಳೆಯಬಹುದು. 10ರಿಂದ 20 ಪೌಂಡ್. ಇಲ್ಲಿನ ಶಾಲೆಗಳಲ್ಲಿ ಇಡೀ ತರಗತಿಗೆ ಇದೇ ಬಿಲ್ಲು ಕೊಡುತ್ತಾರೆ.

ಬಿಲ್ಲುಗಾತಿಯ_ಅಮ್ಮ

ಅದರಲ್ಲಿ ಕಲಿತರೆ ಸ್ಪರ್ಧೆಗೆ ಆಗುತ್ತಾ?

ಹಳೇ_ಬಿಲ್ಲು

ಕಲಿಯಲು ಒಳ್ಳೆಯದು, ಕಾಂಪೌಂಡ್ ಸ್ಪರ್ಧೆಗೆ ಸಾಲದು ಅಮ್ಮಾ. ವಾಲ್‌ಗೆ ತಾಗಿಸಿ ನಿಲ್ಲುವ ಅಭ್ಯಾಸವೇ ಬೇರೆ. ಮಕ್ಕಳಿಗೆ ಡ್ರಾ ಲೆಂತ್ ತುಂಬ ಕೆಳಗಿನಿಂದ ತುಂಬ ಮೇಲಿನವರೆಗೆ ತಿರುಗಿಸಬಹುದಾದ ಬಿಲ್ಲುಗಳು ಇವೆ, ಅಂಥದ್ದು ನೋಡಿ. ಬೆಳೆಯುತ್ತಾಳೆ ಅಂತ ಮುಂದಕ್ಕೆ ನೋಡಿ ಒಂದಿಂಚು ಉದ್ದ ಇಡಿಸಬೇಡಿ. ಯೂನಿಫಾರ್ಮ್ ಹೊಲಿಸುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮೂರು ತಿಂಗಳಿಗೊಮ್ಮೆ ಕೈ ಅಳೆಸಿ.

ರಿಕರ್ವ್_ರಾಜ

ಮೇಡಂ, ರಿಕರ್ವ್ ಕೊಡಿಸಿ. ಒಲಿಂಪಿಕ್ಸ್‌ಗೆ ಹೋಗಬಹುದು. ಚಕ್ರದ ಬಿಲ್ಲಿಗೆ ಅಲ್ಲಿ ಜಾಗ ಇಲ್ಲ.

ಕ್ಯಾಮ್_ಕಿರಿಕ್

ಹಳೇ ಪೇಪರ್ ಓದುತ್ತಿದ್ದೀರಾ? 2028ರ ಲಾಸ್ ಏಂಜಲೀಸ್‌ನಲ್ಲಿ ಕಾಂಪೌಂಡ್ ಮಿಶ್ರ ತಂಡ ಸ್ಪರ್ಧೆ ಇದೆ. 2025ರ ಏಪ್ರಿಲ್‌ನಲ್ಲೇ ಒಪ್ಪಿಗೆ ಆಯಿತು. ನಮ್ಮವರು ಗಟ್ಟಿ ಇರುವುದೂ ಕಾಂಪೌಂಡ್‌ನಲ್ಲೇ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಾಂಪೌಂಡಿನ ಐದಕ್ಕೆ ಐದೂ ಚಿನ್ನ ಭಾರತಕ್ಕೆ. ಜ್ಯೋತಿ ಸುರೇಖಾ ಒಬ್ಬರೇ ಮೂರರಲ್ಲಿದ್ದರು. 2023ರ ಬರ್ಲಿನ್ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಓಜಸ್ ದೇವತಳೆ 150ಕ್ಕೆ 150 ಹೊಡೆದರು. ಹದಿನೈದು ಬಾಣ, ಹದಿನೈದೂ ಹತ್ತು.

ರಿಕರ್ವ್_ರಾಜ

ಒಂದು ಸ್ಪರ್ಧೆ, ಅದೂ ಜೋಡಿ. ಆದರೂ ಸರಿ. 70 ಮೀಟರಿನಿಂದ ಹೊಡೆದು ತೋರಿಸಲಿ.

ಕ್ಯಾಮ್_ಕಿರಿಕ್

ಕಾಂಪೌಂಡ್ 50 ಮೀಟರ್ ರೀ, 80 ಸೆಂಟಿಮೀಟರ್ ಫೇಸ್ (ಗುರಿಯ ಕಾಗದ). ನಿಮ್ಮದು 70ಕ್ಕೆ 122 ಸೆಂಟಿಮೀಟರ್. ಹತ್ತರ ವೃತ್ತ ನಿಮ್ಮದು 12.2, ನಮ್ಮದು 8 ಸೆಂಟಿಮೀಟರ್. ಯಾರಿಗೆ ಕಷ್ಟ ಅಂತ ನೀವೇ ಲೆಕ್ಕ ಹಾಕಿ.

ಬಿಲ್ಲುಗಾತಿಯ_ಅಮ್ಮ

ನನ್ನ ಮಗಳು ಇದಕ್ಕೆ ಬಂದದ್ದೇ ಶೀತಲ್ ದೇವಿಯನ್ನು ನೋಡಿ. ಎರಡೂ ಕೈ ಇಲ್ಲ, ಕಾಲಲ್ಲಿ ಬಿಲ್ಲು ಹಿಡಿದು ಭುಜದಿಂದ ಎಳೆಯುತ್ತಾಳೆ. ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಕಂಚು ಬಂದ ದಿನ ನಮ್ಮ ಮನೆಯಲ್ಲಿ ಟೀವಿ ಆಫ್ ಮಾಡಲು ಬಿಡಲಿಲ್ಲ. ಅಂಥವರಿಗೆ ಡ್ರಾ ಲೆಂತ್ ಹೇಗೆ ಅಳೆಯುತ್ತಾರೋ.

ಹಳೇ_ಬಿಲ್ಲು

ಒಳ್ಳೆಯ ಪ್ರಶ್ನೆ. ಅಲ್ಲಿ 2.5ರ ಸೂತ್ರ ಏನೂ ನಡೆಯುವುದಿಲ್ಲ. ಎಳೆಸಿ, ನೋಡಿ, ಕದಲಿಸಿ, ಮತ್ತೆ ಎಳೆಸಿಯೇ ಸೆಟ್ ಮಾಡಬೇಕು. ನನ್ನ ಕೇಳಿದರೆ ಎಲ್ಲರಿಗೂ ಕೊನೆಗೆ ಅದೇ ದಾರಿ.

ಮೈಸೂರು_ಗುರಿ

ಇಂಚಿನ ಅಲೆನ್ ಕೀ ಸೆಟ್ ಬಂತು. ಮಾಡ್ಯೂಲ್ 27ಕ್ಕೆ ಹಾಕಿದೆ, ಪೆಗ್ಗೂ ಅದೇ ಗುರುತಿಗೆ. ಕ್ಲಬ್ಬಿನ ಬಟ್ಟಿನ ಮುಂದೆ ಬಾಣ ಹಾಕಿಯೇ ಎಳೆದೆ. ಮೂಗು ಸ್ಟ್ರಿಂಗಿಗೆ ತಾಗುತ್ತದೆ. ಮೊಣಕೈಗೆ ಏಟು ಬೀಳಲಿಲ್ಲ! ಆದರೆ ಮೂರು ಹೊಸ ತಲೆನೋವು:

ಒಂದು, ಪೀಪ್ ಕಣ್ಣಿಗೆ ಸಿಗುತ್ತಿಲ್ಲ, ಹುಬ್ಬಿನ ಹತ್ತಿರ ನಿಲ್ಲುತ್ತದೆ. ಎರಡು, ಬಾಣ ಎಲ್ಲ ಕೆಳಗೆ ಬೀಳುತ್ತಿದೆ. ಮೂರು, ಪೂರ್ತಿ ಎಳೆದಾಗ ವಾಲ್‌ಗೆ ಎರಡು ಸಲ ತಾಗಿದ ಹಾಗೆ ಅನಿಸುತ್ತದೆ, ಮೊದಲು ಮೆತ್ತಗೆ, ಆಮೇಲೆ ಗಟ್ಟಿಯಾಗಿ.

ಕ್ಯಾಮ್_ಕಿರಿಕ್

ಒಂದು ಮತ್ತು ಎರಡು ಆಗಲೇಬೇಕಾದದ್ದು. ಸ್ಟ್ರಿಂಗ್ ಮುಖಕ್ಕೆ ಸೇರುವ ಕೋನ ಬದಲಾಯಿತು, ಪೀಪ್ ಹಳೇ ಜಾಗದಲ್ಲೇ ಇದೆ. ಕಟ್ಟಿದ ದಾರ ಬಿಡಿಸಿ ಸರಿಸಿ, ಕಣ್ಣು ಮುಚ್ಚಿ ಎಳೆದು ಆಂಕರ್ ಮಾಡಿ ಕಣ್ಣು ಬಿಟ್ಟಾಗ ಎದುರಿಗೇ ಇರುವ ಹಾಗೆ ನೋಡಿ ಮತ್ತೆ ಕಟ್ಟಿ. ಸ್ವಲ್ಪ ಸರಿಸಲು ಪ್ರೆಸ್ ಬೇಡ. ಹೊಸ ಪೀಪ್ ಸೇರಿಸಬೇಕಾದರೆ ಬೇಕು.

ಬಾಣ ಕೆಳಗೆ ಬೀಳುವುದಕ್ಕೆ ಕಾರಣ ವೇಗ. ಬಾಣವನ್ನು ತಳ್ಳುವ ದೂರ ಒಂದೂವರೆ ಇಂಚು ಕಡಿಮೆಯಾಯಿತಲ್ಲ. ಜೊತೆಗೆ ಕೆಲವು ಬಿಲ್ಲುಗಳಲ್ಲಿ ಮಾಡ್ಯೂಲ್ ಗಿಡ್ಡಕ್ಕೆ ತಂದರೆ ಪೀಕ್ ಭಾರವೂ (ಎಳೆಯುವಾಗ ಬರುವ ಅತಿ ಹೆಚ್ಚು ಭಾರ) ಒಂದೆರಡು ಪೌಂಡ್ ಇಳಿಯುತ್ತದೆ. ಪೀಪ್ ಸರಿಸಿದ ಮೇಲೆ ಸೈಟ್ ಹೊಸದಾಗಿ ಹೊಂದಿಸಿ.

ಮೂರನೆಯದು ಟೈಮಿಂಗ್. ಮೇಲಿನ ಕ್ಯಾಮಿನ ಪೆಗ್ ಒಂದು ಹೊತ್ತಿಗೆ, ಕೆಳಗಿನದು ಇನ್ನೊಂದು ಹೊತ್ತಿಗೆ ತಾಗುತ್ತಿದೆ.

ರಾಯಚೂರು_ಬಿಸಿಲು

ಟೈಮಿಂಗ್ ಅಂದಿದ್ದಕ್ಕೆ ಹೇಳುತ್ತೇನೆ. ನಮ್ಮ ಊರಲ್ಲಿ ಏಪ್ರಿಲ್-ಮೇನಲ್ಲಿ ಮುಚ್ಚಿದ ಕಾರಿನೊಳಗೆ ಬಿಲ್ಲು ಬಿಟ್ಟರೆ ಮುಗಿಯಿತು. ಶಾಖಕ್ಕೆ ಸ್ಟ್ರಿಂಗ್, ಕೇಬಲ್ ಹಿಗ್ಗುತ್ತವೆ, ಪೀಪ್ ಪಕ್ಕಕ್ಕೆ ತಿರುಗುತ್ತದೆ. ಕ್ಯಾಮಿನ ಗುರುತು ಕೇಬಲ್ ಜೊತೆ ಕೂಡುವುದಿಲ್ಲ. ಲಿಂಬಿಗೂ ಒಳ್ಳೆಯದಲ್ಲ. ನಿಮ್ಮ ಮೈಸೂರಿನವರಿಗೆ ಇದೆಲ್ಲ ಗೊತ್ತಾಗುವುದಿಲ್ಲ ಬಿಡಿ.

ಮೈಸೂರು_ಗುರಿ

ಕಾರಲ್ಲಿ ಇಟ್ಟಿಲ್ಲ ಅಣ್ಣ, ಮಂಚದ ಕೆಳಗೆ ಇದೆ. ಟೈಮಿಂಗ್ ನಾನೇ ನೋಡುವುದು ಹೇಗೆ? ಎಳೆಯುವಾಗ ಕ್ಯಾಮ್ ಕಾಣುವುದಿಲ್ಲವಲ್ಲ.

ಹಳೇ_ಬಿಲ್ಲು

ನೀವು ಎಳೆಯಿರಿ, ಇನ್ನೊಬ್ಬರು ಪಕ್ಕದಲ್ಲಿ, ಸ್ವಲ್ಪ ಹಿಂದೆ ನಿಂತು ಫೋನಿನಲ್ಲಿ ಸ್ಲೋ ಮೋಷನ್ ತೆಗೆಯಲಿ. ಎರಡೂ ಪೆಗ್ ಒಟ್ಟಿಗೆ ತಾಗುತ್ತವಾ ಕಾಣುತ್ತದೆ. ಮೊದಲು ಒಂದು ಕೆಲಸ ಮಾಡಿ, ಎರಡು ಪೆಗ್ಗೂ ನಿಜವಾಗಿ ಒಂದೇ ಗುರುತಿಗೆ ಕೂತಿವೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಗುರುತಿನ ಗೆರೆ ಸಣ್ಣದು, ಒಂದು ಪೆಗ್ ಅರ್ಧ ಗೆರೆ ಆಚೆ ಬಿಗಿಯಾಗಿರಬಹುದು.

ಅದು ಸರಿ ಇದ್ದೂ ಎರಡು ಸಲ ತಾಗುತ್ತಿದ್ದರೆ ಕೇಬಲ್‌ಗೆ ಅರ್ಧ ಸುತ್ತು ಹುರಿ ಕೊಡಬೇಕು. ಅದಕ್ಕೆ ಪ್ರೆಸ್ ಬೇಕೇ ಬೇಕು. ಲಿಂಬ್ ಬೋಲ್ಟ್ ಸಡಿಲ ಮಾಡಿ ಕೈಯಲ್ಲೇ ಕೇಬಲ್ ಬಿಡಿಸುವ ವಿಡಿಯೋಗಳಿವೆ, ಅವನ್ನು ನೋಡಿ ಮಾಡಬೇಡಿ.

ಡಲ್ಲಾಸ್_ಕನ್ನಡಿಗ

ಹುರಿ ಕೊಟ್ಟರೆ ಡ್ರಾ ಲೆಂತ್ ಕೂಡ ಒಂಚೂರು ಬದಲಾಗುತ್ತದೆ, ಅದನ್ನೂ ಹೇಳಿಬಿಡಿ. ಸ್ಟ್ರಿಂಗ್‌ಗೆ ಹುರಿ ಹೆಚ್ಚಿಸಿದರೆ ಉದ್ದ ಕಡಿಮೆ. ಕೇಬಲ್‌ಗೆ ಹೆಚ್ಚಿಸಿದರೆ ಉದ್ದವೂ ಪೌಂಡೇಜೂ ಏರುತ್ತವೆ. ಅರ್ಧ ಇಂಚಿನ ಗುರುತುಗಳ ನಡುವೆ ನಿಲ್ಲಬೇಕಾದವರು ಹೀಗೇ ಮಾಡುವುದು.

ಮೈಸೂರು_ಗುರಿ

ಸ್ಲೋ ಮೋಷನ್ ತೆಗೆಸಿದೆ. ಕೆಳಗಿನ ಪೆಗ್ ಗುರುತಿಗಿಂತ ಒಂಚೂರು ಆಚೆ ಇತ್ತು. ಸರಿಮಾಡಿದೆ, ಈಗ ಒಂದೇ ಸಲ ಟಕ್ ಅನ್ನುತ್ತದೆ. ಪೀಪೂ ಕಟ್ಟಿಯಾಯಿತು. ಇನ್ನು ಲೆಟ್‌ಆಫ್. 70, 75, 80, ಯಾವುದು?

ಡಲ್ಲಾಸ್_ಕನ್ನಡಿಗ

80. ನನ್ನದು 85. ಇಲ್ಲಿ ಜಿಂಕೆ ಸೀಸನ್‌ನಲ್ಲಿ ಲೈಸೆನ್ಸ್ ಇಟ್ಟುಕೊಂಡು ಹೋಗುತ್ತೇವೆ. ಎಳೆದ ಮೇಲೆ ಅದು ಪಕ್ಕಕ್ಕೆ ತಿರುಗುವವರೆಗೆ ಹಿಡಿದು ನಿಲ್ಲಬೇಕು. 60 ಪೌಂಡಿಗೆ 85 ಅಂದರೆ ಕೈಯಲ್ಲಿ 9 ಪೌಂಡ್. 65 ಪರ್ಸೆಂಟಿನಲ್ಲಿ 21 ಪೌಂಡ್ ಹಿಡಿದು ನಿಂತು ನೋಡಿ, ಆಮೇಲೆ ಮಾತಾಡೋಣ. ಚಳಿಗೆ ದಪ್ಪ ಜಾಕೆಟ್ ಹಾಕಿದರೆ ತೋಳಿಗೆ ಸ್ಟ್ರಿಂಗ್ ತಾಗುತ್ತದೆ ಅಂತ ಅರ್ಧ ಇಂಚು ಗಿಡ್ಡವನ್ನೂ ಇಡುತ್ತೇನೆ.

ಹಳೇ_ಬಿಲ್ಲು

ಅವರು ಜಿಂಕೆ ಹೊಡೆಯಲು ಹೋಗುತ್ತಿಲ್ಲ, ಇಲ್ಲಿ ಹೋದರೆ ಜೈಲು. ಅವರು ಹೊಡೆಯುವುದು ಕಾಗದಕ್ಕೆ, ಅದು ಎಲ್ಲಿಗೂ ಓಡುವುದಿಲ್ಲ.

ಸ್ಪರ್ಧೆಗೆ ನನ್ನ ಮತ ಕಡಿಮೆ ಲೆಟ್‌ಆಫಿಗೆ. ಕೈಯಲ್ಲಿ ಭಾರ ಇದ್ದಷ್ಟೂ ಬೆನ್ನು ಕೆಲಸ ಮಾಡುತ್ತಾ ಇರುತ್ತದೆ. 10 ಪೌಂಡ್ ಹಿಡಿದಾಗ ಮೈ ಸಡಿಲ ಬಿಡುತ್ತೀರಿ, ಗೊತ್ತಾಗದ ಹಾಗೆ ವಾಲ್‌ನಿಂದ ಮುಂದಕ್ಕೆ ಜಾರುತ್ತೀರಿ, ಬಾಣ ಮೇಲೆ ಕೆಳಗೆ ಹೋಗುತ್ತದೆ. ಗಾಳಿಯಲ್ಲಿ 50 ಮೀಟರಿಗೆ ಹಗುರ ಕೈ ತೇಲಾಡುತ್ತದೆ.

ಕ್ಯಾಮ್_ಕಿರಿಕ್

ನಾನು ಒಪ್ಪುವುದಿಲ್ಲ. 72 ಬಾಣದ ರೌಂಡಿನಲ್ಲಿ ಅರವತ್ತನೇ ಬಾಣದ ಹೊತ್ತಿಗೆ ಹೊಸಬರ ಭುಜ ಮೇಲಕ್ಕೇರಿರುತ್ತದೆ. 15 ಪೌಂಡ್ ಹಿಡಿಯಲಾಗದೆ ಬೇಗ ಬಿಡುವುದಕ್ಕಿಂತ 10 ಪೌಂಡ್ ಹಿಡಿದು ಸರಿಯಾಗಿ ಬಿಡುವುದು ಲೇಸು. ಹಿಡಿಯುವ ಭಾರ ಬೇಕಿದ್ದರೆ ಪೀಕ್ ಏರಿಸಿ ಪಡೆಯಬಹುದು. ನಿಯಮದಲ್ಲಿ 60 ಪೌಂಡಿನವರೆಗೆ ಬಿಟ್ಟಿದ್ದಾರೆ.

ಹಳೇ_ಬಿಲ್ಲು

ಪೀಕ್ ಏರಿಸಿದರೆ ಎಳೆಯುವಾಗಲೇ ಭುಜ ಹೋಗುತ್ತದೆ. 60ಕ್ಕೆ 75 ಅಂದರೂ 15, 50ಕ್ಕೆ 70 ಅಂದರೂ 15. ಅದೇ 15 ಕಡಿಮೆ ಎಳೆದು ಸಿಗುವಾಗ ಹತ್ತು ಪೌಂಡ್ ಜಾಸ್ತಿ ಯಾಕೆ ಎಳೆಯಬೇಕು?

ಕ್ಯಾಮ್_ಕಿರಿಕ್

ವೇಗಕ್ಕೆ.

ಹಳೇ_ಬಿಲ್ಲು

50 ಮೀಟರ್ ಕಾಗದಕ್ಕೆ ವೇಗ!

ಕ್ಯಾಮ್_ಕಿರಿಕ್

ಗಾಳಿ ಗಾಳಿ ಅಂದವರು ನೀವೇ ಅಲ್ವಾ? ಬೇಗ ಹೋದ ಬಾಣ ಗಾಳಿಗೆ ಕಡಿಮೆ ಸಿಗುತ್ತದೆ.

ಸುಮ್ನೆ_ಓದುವವ

ಇಬ್ಬರೂ ಸರಿ ಅನಿಸುತ್ತಿದೆ, ನನಗೆ ಬಿಲ್ಲೂ ಇಲ್ಲ.

ಮೈಸೂರು_ಗುರಿ

ಜಗಳ ನಿಲ್ಲಿಸಿ ಸ್ವಾಮಿ, ನನ್ನ ಬಿಲ್ಲಿನ ಭಾರವೇ ನನಗೆ ಗೊತ್ತಿಲ್ಲ. ಬಾಕ್ಸ್ ಮೇಲೆ 50 ಅಂತಿದೆ.

ಕ್ಯಾಮ್_ಕಿರಿಕ್

ಬಾಕ್ಸ್ ನಂಬಬೇಡಿ. ಬೋ ಸ್ಕೇಲ್ ಕ್ಲಬ್ಬಿನಲ್ಲಿ ಇರುತ್ತದೆ. ಇಲ್ಲದಿದ್ದರೆ ಸೂಟ್‌ಕೇಸ್ ತೂಗುವ ಡಿಜಿಟಲ್ ತೂಕ ಸಾಕು, ಪೌಂಡಿಗೆ ಬದಲಿಸಿ. ಡಿ-ಲೂಪಿಗೆ ಕೊಕ್ಕೆ ಹಾಕಿ ನಿಧಾನ ಎಳೆಯಿರಿ. ಅತಿ ಹೆಚ್ಚು ತೋರಿಸಿದ್ದು ಪೀಕ್, ವಾಲ್ ಹತ್ತಿರ ಅತಿ ಕಡಿಮೆ ತೋರಿಸಿದ್ದು ಹೋಲ್ಡಿಂಗ್. ಕೈಬಿಟ್ಟರೆ ಡ್ರೈ ಫೈರೇ, ಮೇಲ್ವಿಚಾರಕರು ಬೈಯುವ ಮುಂಚೆ ನಾನೇ ಹೇಳುತ್ತಿದ್ದೇನೆ. ಹಾಗಾಗಿ ಇಬ್ಬರು ಹಿಡಿದುಕೊಳ್ಳಿ. ಬಿಲ್ಲನ್ನು ಕೂರಿಸಿ ಎಳೆಯುವ ಡ್ರಾ ಬೋರ್ಡ್ ಇದ್ದರೆ ಅದರಲ್ಲೇ ಮಾಡಿ, ಅದು ಇನ್ನೂ ಒಳ್ಳೆಯದು.

ಪೀಕ್ ಜಾಸ್ತಿ ಅನಿಸಿದರೆ ಎರಡೂ ಲಿಂಬ್ ಬೋಲ್ಟ್ ಸಮನಾಗಿ ಸಡಿಲಿಸಿ. ಒಂದು ಸುತ್ತಿಗೆ ಎರಡು-ಮೂರು ಪೌಂಡ್ ಇಳಿಯುತ್ತದೆ. ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಸುತ್ತು ಬಿಚ್ಚಬೇಡಿ.

ಮೈಸೂರು_ಗುರಿ

ಕ್ಲಬ್ಬಿನ ಡ್ರಾ ಬೋರ್ಡ್‌ನಲ್ಲೇ ತೂಗಿದೆವು. ಪೀಕ್ 48, ಹೋಲ್ಡಿಂಗ್ 12. ಅಂದರೆ ಈಗಲೇ 75 ಪರ್ಸೆಂಟ್!

ಹಳೇ_ಬಿಲ್ಲು

ಹಾಗೇ ಬಿಡಿ. ಯಾವ ಪೆಗ್ಗನ್ನೂ ಮುಟ್ಟಬೇಡಿ. ಬಾಣಗಳ ಗುಂಪು ಒಂದೇ ಕಡೆ ನಿಂತ ಮೇಲೆ ಒಂದು ಸಲ 70ರ ಕಡೆ, ಒಂದು ಸಲ 80ರ ಕಡೆ ಕದಲಿಸಿ ಅದೇ ಬಾಣ, ಅದೇ ದೂರ, ಕೊನೆಯ ಎಂಡ್‌ಗಳ (ಬಾಣದ ಸರದಿಗಳ) ಸ್ಕೋರ್ ಮಾತ್ರ ಬರೆದಿಡಿ. ಮೊದಲ ಎಂಡ್ ಎಲ್ಲರಿಗೂ ಚೆನ್ನಾಗೇ ಬರುತ್ತದೆ.

ಕ್ಯಾಮ್_ಕಿರಿಕ್

80ರ ಕಡೆ ಚೆನ್ನಾಗಿ ಬಂದರೆ ಇಲ್ಲಿ ಬಂದು ಬರೆಯಬೇಕು, ಮುಚ್ಚಿಡಬಾರದು.

ಮೈಸೂರು_ಗುರಿ

ಖಂಡಿತ. ಇನ್ನೊಂದು ಮಾತ್ರ ಕೇಳುತ್ತೇನೆ. ಬಾಣಗಳನ್ನು 28.5ರ ಲೆಕ್ಕಕ್ಕೆ ಕತ್ತರಿಸಿ ಕೊಟ್ಟಿದ್ದರು, ಈಗ ಮುಂದೆ ಉದ್ದಕ್ಕೆ ಚಾಚುತ್ತವೆ. ಕತ್ತರಿಸಿಬಿಡಲಾ?

ಡಲ್ಲಾಸ್_ಕನ್ನಡಿಗ

ಬೇಡ! ಕತ್ತರಿಸಿದಷ್ಟೂ ಬಾಣ ಬಿರುಸಾಗುತ್ತದೆ, ಬಾಗುವುದು ಕಡಿಮೆ. ಪೀಕ್ ಇಳಿದಿದೆ, ಡ್ರಾ ಗಿಡ್ಡವಾಗಿದೆ, ಈಗಾಗಲೇ ನಿಮ್ಮ ಬಿಲ್ಲಿಗೆ ಅವು ಬಿರುಸೇ ಇರಬಹುದು. ಕಾಗದಕ್ಕೆ ಹತ್ತಿರದಿಂದ ಹೊಡೆದು ಹರಿದ ಗುರುತು ನೋಡಿ.

ರಿಕರ್ವ್_ರಾಜ

ಕತ್ತರಿಸಬೇಡಿ, ನನಗೆ ಕೊಡಿ. ನನ್ನ ಡ್ರಾ ಉದ್ದ.

ಹಳೇ_ಬಿಲ್ಲು

ಕಾಂಪೌಂಡಿನ ಬಾಣ ಬೇಕಾ ರಾಜರಿಗೆ? ಸ್ಪೈನ್ (ಬಾಣದ ಬಿರುಸು) ಎಷ್ಟು ಅಂತಾದರೂ ಕೇಳಿ ಮೊದಲು.